ಬಜೆಟ್ಟಿನಲ್ಲಿ ಕಾಣದ ಖರ್ಚು: ಅಮೆರಿಕದ ಎಥನಾಲ್ ಕಾನೂನು ನಡೆದುಬಂದ ದಾರಿ

2011ರ ಜೂನ್ 16ರಂದು ಅಮೆರಿಕದ ಸೆನೆಟ್ 73–27 ಮತಗಳಿಂದ ಒಂದು ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಪೆಟ್ರೋಲಿಗೆ ಬೆರೆಸುವ ಪ್ರತಿ ಗ್ಯಾಲನ್ ಎಥನಾಲ್‌ಗೆ ಸರ್ಕಾರ ಕೊಡುತ್ತಿದ್ದ 45 ಸೆಂಟ್ ತೆರಿಗೆ ರಿಯಾಯಿತಿ ನಿಲ್ಲಬೇಕು ಎಂಬುದು ಅದರ ಸಾರ. ಆ ತಿದ್ದುಪಡಿ ಕಾನೂನಾಗಲಿಲ್ಲ, ಆದರೆ ರಿಯಾಯಿತಿಯ ದಿನಗಳು ಮುಗಿಯುತ್ತ ಬಂದಿವೆ ಎಂಬುದು ಎಲ್ಲರಿಗೂ ಗೊತ್ತಾಯಿತು. ಡಿಸೆಂಬರ್ 31ಕ್ಕೆ ಅದರ ಅವಧಿ ತೀರಿದಾಗ ಕಾಂಗ್ರೆಸ್ ಅದನ್ನು ಮುಂದುವರಿಸಲಿಲ್ಲ. ಬ್ರೆಜಿಲ್‌ನಿಂದ ಬರುವ ಎಥನಾಲ್ ಮೇಲಿದ್ದ 54 ಸೆಂಟ್ ಸುಂಕವೂ ಅದೇ ದಿನ ಹೋಯಿತು. ಮೂರು ದಶಕ ಹೋರಾಡಿ ಉಳಿಸಿಕೊಂಡಿದ್ದ ಎರಡು ಸವಲತ್ತುಗಳು ಒಟ್ಟಿಗೆ ಕೈಬಿಟ್ಟರೂ ಎಥನಾಲ್ ಉದ್ಯಮ ಕುಸಿಯಲಿಲ್ಲ, ಅಷ್ಟಾಗಿ ಗೋಳಾಡಲೂ ಇಲ್ಲ. ಕಾರಣ ಸರಳ. ಅದರ ಕೈಯಲ್ಲಿ ಅದಕ್ಕಿಂತ ಗಟ್ಟಿಯಾದ ಇನ್ನೊಂದು ಕಾನೂನಿತ್ತು. ವರ್ಷಕ್ಕೆ ಇಷ್ಟು ಗ್ಯಾಲನ್ ಎಥನಾಲ್ ಪೆಟ್ರೋಲಿಗೆ ಬೆರೆಯಲೇಬೇಕು ಎಂಬ ಕಡ್ಡಾಯ ಅದು. ಬಜೆಟ್ಟಿನಲ್ಲಿ ಕಾಣುತ್ತಿದ್ದ ನೆರವು ಸತ್ತಿತು, ಕಾಣದ ನೆರವು ಬದುಕಿತು. ಇಂಧನದಲ್ಲಿ ಎಥನಾಲ್ ಇರಬೇಕೇ ಬೇಡವೇ ಎಂದು ವಾದಿಸುವವರು ಬಹಳ. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಬೇರೆ: ಯಾವ ಲೆಕ್ಕಪತ್ರದಲ್ಲೂ ಕಾಣಿಸದೆ, ಯಾರ ಮರುಒಪ್ಪಿಗೆಯೂ ಬೇಕಿಲ್ಲದೆ ನಡೆಯುವ ಖರ್ಚನ್ನು ಒಂದು ಪ್ರಜಾಪ್ರಭುತ್ವ ಹೇಗೆ ತಿದ್ದಬೇಕು? ಅಮೆರಿಕದ ನೂರೈವತ್ತು ವರ್ಷಗಳ ಅನುಭವ ಈ ಪ್ರಶ್ನೆಗೆ ಉತ್ತರ ಹುಡುಕಲು ನೆರವಾಗುತ್ತದೆ.

ಆ ದೇಶದಲ್ಲಿ ಆಲ್ಕೋಹಾಲ್ ಇಂಧನದ ಹಣೆಬರಹವನ್ನು ಮೊದಲಿನಿಂದಲೂ ಬರೆದದ್ದು ಕಾನೂನೇ. 1850ರ ದಶಕದಲ್ಲಿ ಆಲ್ಕೋಹಾಲ್‌ಗೆ ಟರ್ಪೆಂಟೈನ್ ಬೆರೆಸಿದ ದ್ರವ ಅಮೆರಿಕದ ಮನೆಗಳ ದೀಪಗಳಲ್ಲಿ ಉರಿಯುತ್ತಿತ್ತು. ಅಂತರ್ಯುದ್ಧದ ಖರ್ಚಿಗೆಂದು 1862ರಲ್ಲಿ ಮದ್ಯಸಾರದ ಮೇಲೆ ತೆರಿಗೆ ಬಿತ್ತು, 1865ರ ಹೊತ್ತಿಗೆ ಅದು ಗ್ಯಾಲನ್ನಿಗೆ ಎರಡು ಡಾಲರ್ ಮುಟ್ಟಿತು. ಕುಡಿಯುವ ಮದ್ಯ, ಉರಿಸುವ ಮದ್ಯ ಎಂಬ ಭೇದವನ್ನು ಆ ತೆರಿಗೆ ಮಾಡಲಿಲ್ಲ. 1859ರಲ್ಲಷ್ಟೇ ಪೆನ್ಸಿಲ್ವೇನಿಯಾದ ಬಾವಿಯಿಂದ ಮೇಲೆದ್ದಿದ್ದ ಕಲ್ಲೆಣ್ಣೆಗೆ ಇದು ಅನಾಯಾಸವಾಗಿ ಸಿಕ್ಕ ವರ. ಅದರಿಂದ ತೆಗೆದ ಸೀಮೆಎಣ್ಣೆ ದೀಪಗಳನ್ನು ಆಕ್ರಮಿಸಿಕೊಂಡಿತು. ಥಿಯೊಡೋರ್ ರೂಸ್‌ವೆಲ್ಟ್ ಅಧ್ಯಕ್ಷರಾಗಿದ್ದಾಗ, 1906ರಲ್ಲಿ, ಕುಡಿಯಲು ಬಾರದಂತೆ ಕೆಡಿಸಿದ ಕೈಗಾರಿಕಾ ಆಲ್ಕೋಹಾಲ್ ಮೇಲಿನ ತೆರಿಗೆ ರದ್ದಾಯಿತು. ಅಷ್ಟರಲ್ಲಿ ನಾಲ್ಕು ದಶಕ ಕಳೆದಿತ್ತು. ತೆರಿಗೆ ಹಾಕಲು ಕಾರಣವಾದ ಯುದ್ಧ ಮುಗಿದದ್ದು 1865ರಲ್ಲಿ! ಕಾರಣ ಹೋದ ಮೇಲೂ ಕಾನೂನು ಉಳಿಯುವುದನ್ನು ಈ ಇಂಧನದ ಚರಿತ್ರೆಯಲ್ಲಿ ಮುಂದೆ ಮತ್ತೆ ಮತ್ತೆ ಕಾಣುತ್ತೇವೆ. ಮೊದಲ ಸಲ ಅದು ಆಲ್ಕೋಹಾಲ್‌ಗೆ ವಿರುದ್ಧವಾಗಿತ್ತು, ಆಮೇಲೆ ಅದರ ಪರವಾಯಿತು. ಅಷ್ಟೇ ವ್ಯತ್ಯಾಸ.

ಕಾರು ಬಂದ ಮೇಲೆ ಆಲ್ಕೋಹಾಲ್‌ಗೆ ಎರಡನೆಯ ಅವಕಾಶ ಸಿಕ್ಕಿತು. ಎಂಜಿನ್ನಿನೊಳಗೆ ಇಂಧನ ಹೊತ್ತಿಗೆ ಮುಂಚೆ ಸಿಡಿದು ಬಡಿತದ ಸದ್ದು ಬರುವುದನ್ನು ಎಥನಾಲ್ ತಡೆಯುತ್ತದೆ ಎಂಬುದು ಜನರಲ್ ಮೋಟಾರ್ಸ್‌ನ ಸಂಶೋಧಕರಿಗೆ ತಿಳಿದಿತ್ತು. ಆದರೆ ಅದೇ ಸಂಸ್ಥೆಯ ಥಾಮಸ್ ಮಿಜ್ಲಿ 1921ರ ಡಿಸೆಂಬರ್‌ನಲ್ಲಿ ಟೆಟ್ರಾ ಈಥೈಲ್ ಸೀಸವನ್ನು ಕಂಡುಕೊಂಡರು. ಚಿಟಿಕೆಯಷ್ಟು ಹಾಕಿದರೆ ಸಾಕು, ಬಡಿತ ನಿಲ್ಲುತ್ತಿತ್ತು, ಪೇಟೆಂಟೂ ಸಿಗುತ್ತಿತ್ತು. 1924ರಲ್ಲಿ ನ್ಯೂಜೆರ್ಸಿಯ ಬೇವೇ ಘಟಕದಲ್ಲಿ ಕಾರ್ಮಿಕರು ಸೀಸದ ವಿಷಕ್ಕೆ ಬಲಿಯಾದರೂ ಸೀಸದ ಪೆಟ್ರೋಲ್ ಅರ್ಧ ಶತಮಾನ ಮೆರೆಯಿತು. 1930ರ ದಶಕದ ಮಹಾಕುಸಿತದಲ್ಲಿ ಮೆಕ್ಕೆಜೋಳದ ಬೆಲೆ ನೆಲ ಕಚ್ಚಿದಾಗ ಮಧ್ಯಪಶ್ಚಿಮದ ರೈತ ಸಂಘಟನೆಗಳು ಆಲ್ಕೋಹಾಲ್ ಬೆರೆಸುವುದನ್ನು ಕಡ್ಡಾಯ ಮಾಡಿ ಎಂದು ಒತ್ತಾಯಿಸಿದವು. ಕನ್ಸಾಸ್‌ನ ಆಚಿಸನ್ ಊರಿನಲ್ಲಿ ತಯಾರಾದ ‘ಅಗ್ರಾಲ್’ ಎಂಬ ಆಲ್ಕೋಹಾಲನ್ನು ಪೆಟ್ರೋಲಿಗೆ ಬೆರೆಸಿ ಸುತ್ತಲಿನ ರಾಜ್ಯಗಳ ಬಂಕುಗಳಲ್ಲಿ ಮಾರಲಾಯಿತು. ಬೆಲೆಯಲ್ಲಿ ಪೆಟ್ರೋಲಿಗೆ ಸಮನಾಗಲಾರದೆ ಆ ದಶಕ ಮುಗಿಯುವಷ್ಟರಲ್ಲಿ ಅದು ಬಾಗಿಲು ಹಾಕಿತು. ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಎಥನಾಲ್ ಬೇಕೆಂಬ ಕೂಗು ಎದ್ದದ್ದು ಪೆಟ್ರೋಲ್ ಸಾಲದೆ ಅಲ್ಲ, ಜೋಳ ಹೆಚ್ಚಾಗಿ. ಮುಂದಿನ ಎಲ್ಲ ಕಾನೂನುಗಳ ಬುಡದಲ್ಲಿ ಇರುವುದೂ ಈ ಹೆಚ್ಚುವರಿ ಜೋಳವೇ. ಮೇಲಿನ ಹೊದಿಕೆ ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಯಿತು.

1973ರ ತೈಲ ನಿರ್ಬಂಧ ಮೊದಲ ಹೊದಿಕೆಯನ್ನು ಒದಗಿಸಿತು. 1978ರ ಇಂಧನ ತೆರಿಗೆ ಕಾಯ್ದೆ, ಶೇ. 10 ಎಥನಾಲ್ ಇರುವ ಪೆಟ್ರೋಲಿಗೆ ಗ್ಯಾಲನ್ನಿಗೆ 4 ಸೆಂಟ್ ಕೇಂದ್ರ ತೆರಿಗೆಯನ್ನು ಮಾಫಿ ಮಾಡಿತು. ಒಂದು ಗ್ಯಾಲನ್ ಎಥನಾಲ್‌ನಿಂದ ಹತ್ತು ಗ್ಯಾಲನ್ ಮಿಶ್ರಣವಾಗುವುದರಿಂದ ಎಥನಾಲ್‌ಗೆ ಸಿಕ್ಕ ನೆರವು ಗ್ಯಾಲನ್ನಿಗೆ 40 ಸೆಂಟ್. ಎರಡೇ ವರ್ಷದಲ್ಲಿ, ಸೋವಿಯತ್ ಪಡೆ ಅಫ್ಘಾನಿಸ್ತಾನಕ್ಕೆ ನುಗ್ಗಿದ್ದಕ್ಕೆ ಪ್ರತಿಯಾಗಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ರಷ್ಯಾಕ್ಕೆ ಧಾನ್ಯ ಮಾರಾಟವನ್ನು ತಡೆದರು. ಹಡಗು ಹತ್ತಬೇಕಿದ್ದ ಜೋಳ ಹಗೇವಿನಲ್ಲೇ ಉಳಿಯಿತು. ಅದಕ್ಕೆ ದಾರಿ ತೋರಿಸಲು ಎಥನಾಲ್ ಕಾರ್ಖಾನೆಗಳಿಗೆ ಸಾಲ, ವಿದೇಶಿ ಎಥನಾಲ್ ಮೇಲೆ ಸುಂಕ ಬಂದವು. ಇವನ್ನೆಲ್ಲ ಟೀಕಿಸಬಹುದು. ಆದರೆ ಇವುಗಳಲ್ಲಿ ಒಂದು ಒಳ್ಳೆಯ ಗುಣವಿತ್ತು: ಖಜಾನೆಗೆ ಎಷ್ಟು ನಷ್ಟವೆಂದು ಲೆಕ್ಕ ಹಾಕಬಹುದಿತ್ತು, ಕೊನೆಯ ದಿನಾಂಕವೂ ಇತ್ತು. ಅವಧಿ ಮುಗಿದಾಗಲೆಲ್ಲ ಬೆಂಬಲಿಗರು ಕಾಂಗ್ರೆಸ್ಸಿನ ಮುಂದೆ ಬಂದು ಮತ್ತೆ ಕೇಳಿಕೊಳ್ಳಬೇಕಿತ್ತು, ವಿರೋಧಿಗಳು ಎದ್ದು ನಿಂತು ಖರ್ಚು ಹೇಳಬಹುದಿತ್ತು. 2011ರಲ್ಲಿ ಆದದ್ದೂ ಅದೇ. ಕೊರತೆಯ ಬಜೆಟ್ಟಿನ ಕಾಲದಲ್ಲಿ ವರ್ಷಕ್ಕೆ 500ರಿಂದ 600 ಕೋಟಿ ಡಾಲರ್ ನಷ್ಟವನ್ನು ಸಮರ್ಥಿಸುವುದು ಕಷ್ಟವಾಯಿತು.

ಎರಡನೆಯ ಹೊದಿಕೆ ಶುದ್ಧ ಗಾಳಿ. ಪೆಟ್ರೋಲ್ ಚೆನ್ನಾಗಿ ಉರಿಯಲೆಂದು ಹೊಗೆ ಮುಸುಕಿದ ನಗರಗಳಲ್ಲಿ ಅದಕ್ಕೆ ಆಮ್ಲಜನಕವುಳ್ಳ ವಸ್ತು ಸೇರಿಸಬೇಕೆಂದು 1990ರ ಶುದ್ಧ ವಾಯು ಕಾಯ್ದೆಯ ತಿದ್ದುಪಡಿ ಹೇಳಿತು. ತೈಲ ಕಂಪನಿಗಳು ಎಥನಾಲ್ ಬಿಟ್ಟು, ತಮ್ಮ ಸಂಸ್ಕರಣಾಗಾರದ ಸರಕಿನಿಂದಲೇ ಆಗುವ ಎಂಟಿಬಿಇ ಎಂಬ ರಾಸಾಯನಿಕವನ್ನು ಆರಿಸಿಕೊಂಡವು. ಇದರಲ್ಲಿ ಶೇ. 30 ಪಾಲು ಎಥನಾಲ್‌ನಂಥ ನವೀಕರಿಸಬಹುದಾದ ಮೂಲದಿಂದ ಬರಬೇಕೆಂದು ಪರಿಸರ ಸಂರಕ್ಷಣಾ ಸಂಸ್ಥೆ 1994ರಲ್ಲಿ ನಿಯಮ ಮಾಡಿತು. ಅದರ ವಿರುದ್ಧದ ನಿರ್ಣಯ ಸೆನೆಟ್‌ನಲ್ಲಿ ಸಮಸಮ ಮತಗಳಿಗೆ ಬಂದು ನಿಂತಾಗ ಉಪಾಧ್ಯಕ್ಷ ಆಲ್ ಗೋರ್ ತಮ್ಮ ಮತ ಹಾಕಿ ಎಥನಾಲನ್ನು ಗೆಲ್ಲಿಸಿದರು. ಮರುವರ್ಷ ನ್ಯಾಯಾಲಯ ಆ ನಿಯಮವನ್ನು ಹೊಡೆದುಹಾಕಿತು. ಆ ಮತ ಹಾಕಿದ ಹದಿನಾರು ವರ್ಷಗಳ ನಂತರ, 2010ರಲ್ಲಿ, ಮೊದಲ ತಲೆಮಾರಿನ ಎಥನಾಲ್‌ಗೆ ಕೊಟ್ಟ ಬೆಂಬಲ ತಪ್ಪಾಗಿತ್ತು ಎಂದು ಗೋರ್ ಅವರೇ ಅಥೆನ್ಸ್‌ನಲ್ಲಿ ಒಪ್ಪಿಕೊಂಡರು. ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಲಿದ್ದ ತಮಗೆ ಅಯೋವಾದ ರೈತರ ಮೇಲೆ ವಿಶೇಷ ಒಲವಿತ್ತು ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು. ಪ್ರತಿ ಅಧ್ಯಕ್ಷೀಯ ಚುನಾವಣೆಯ ಮೊದಲ ಸುತ್ತು ಮೆಕ್ಕೆಜೋಳದ ತವರಾದ ಅಯೋವಾದಲ್ಲೇ ನಡೆಯುತ್ತಿದ್ದ ಆ ದಶಕಗಳಲ್ಲಿ ಇದು ಅವರೊಬ್ಬರ ಕಥೆಯಾಗಿರಲಿಲ್ಲ. ಈ ನಡುವೆ 1996ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಂಟಾ ಮೋನಿಕಾ ನಗರದ ಕುಡಿಯುವ ನೀರಿನ ಬಾವಿಗಳಲ್ಲಿ ಎಂಟಿಬಿಇ ಕಾಣಿಸಿಕೊಂಡಿತು. ಅದರ ಕಾಲ ಮುಗಿಯಿತು, ಎಥನಾಲ್‌ಗೆ ಪ್ರತಿಸ್ಪರ್ಧಿಯೇ ಇಲ್ಲದಂತಾಯಿತು.

ಆಗ ಬಂದದ್ದು ಕಡ್ಡಾಯ. 2005ರ ಇಂಧನ ನೀತಿ ಕಾಯ್ದೆ 2006ಕ್ಕೆ 400 ಕೋಟಿ ಗ್ಯಾಲನ್, 2012ಕ್ಕೆ 750 ಕೋಟಿ ಗ್ಯಾಲನ್ ಎಂದು ನಿಗದಿ ಮಾಡಿತು. ಇರಾಕ್ ಯುದ್ಧ ನಡೆದಿತ್ತು, ಅಮೆರಿಕ ಬಳಸುವ ತೈಲದಲ್ಲಿ ಸುಮಾರು ಶೇ. 60 ಹೊರಗಿನಿಂದ ಬರುತ್ತಿತ್ತು, ಬೆಲೆ ಏರುತ್ತಲೇ ಇತ್ತು. 2007ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಸಹಿ ಹಾಕಿದ ಹೊಸ ಕಾಯ್ದೆ ಗುರಿಯನ್ನು 2022ಕ್ಕೆ 3,600 ಕೋಟಿ ಗ್ಯಾಲನ್ನಿಗೆ ಏರಿಸಿತು. ಅದರಲ್ಲಿ ಜೋಳದ ಎಥನಾಲ್‌ಗೆ 1,500 ಕೋಟಿಯ ಮಿತಿ. ಹುಲ್ಲು, ದಂಟು, ಮರದ ಚೂರುಗಳಿಂದ ತೆಗೆಯುವ ಸೆಲ್ಯುಲೋಸ್ ಇಂಧನಕ್ಕೆ 1,600 ಕೋಟಿ. ಪೆಟ್ರೋಲ್ ಬಳಕೆ ಏರುತ್ತಲೇ ಹೋಗುತ್ತದೆ, ದೇಶದ ಕಚ್ಚಾತೈಲ ಇಳಿಯುತ್ತಲೇ ಹೋಗುತ್ತದೆ, ಸೆಲ್ಯುಲೋಸ್ ತಂತ್ರಜ್ಞಾನ ಹೇಳಿದ ಹೊತ್ತಿಗೆ ಬರುತ್ತದೆ ಎಂಬ ಮೂರು ಊಹೆಗಳ ಮೇಲೆ ಈ ಪಟ್ಟಿ ನಿಂತಿತ್ತು. ಮೂರೂ ಸುಳ್ಳಾದವು. 2008ರ ಆರ್ಥಿಕ ಹಿಂಜರಿತ ಮತ್ತು ಹೆಚ್ಚು ಮೈಲೇಜಿನ ಕಾರುಗಳಿಂದ ಪೆಟ್ರೋಲ್ ಬಳಕೆ ನಿಂತಲ್ಲೇ ನಿಂತಿತು. ಶೇಲ್ ಬಂಡೆಗಳಿಂದ ತೈಲ ಹರಿದು, 2020ರಲ್ಲಿ ಅಮೆರಿಕ ಕೊಳ್ಳುವುದಕ್ಕಿಂತ ಹೆಚ್ಚು ಪೆಟ್ರೋಲಿಯಂ ಮಾರುವ ದೇಶವಾಯಿತು. ಸೆಲ್ಯುಲೋಸಿನ ಕಥೆ ಮುಂದೆ ಬರುತ್ತದೆ. ಊಹೆ ತಪ್ಪುವುದು ದೊಡ್ಡ ಅಪರಾಧವಲ್ಲ, ಹದಿನೈದು ವರ್ಷ ಮುಂದಿನದನ್ನು ಯಾರೂ ಕಂಡಿರುವುದಿಲ್ಲ. ಊಹೆಯನ್ನು ವರ್ಷವಾರು ಗ್ಯಾಲನ್ ಲೆಕ್ಕದಲ್ಲಿ ಕಾನೂನಿನೊಳಗೇ ಅಚ್ಚು ಹಾಕಿದ್ದು ತಪ್ಪು.

ಈ ಕಡ್ಡಾಯ ನಡೆಯುವ ಬಗೆಯನ್ನು ಹತ್ತಿರದಿಂದ ನೋಡಿದರೆ ಖರ್ಚು ಎಲ್ಲಿ ಅಡಗುತ್ತದೆಂದು ತಿಳಿಯುತ್ತದೆ. ಒಂದು ಬುಷೆಲ್ ಮೆಕ್ಕೆಜೋಳ, ಅಂದರೆ 25 ಕಿಲೋ ಚಿಲ್ಲರೆ, ಕಾರ್ಖಾನೆಯಲ್ಲಿ ಹಿಟ್ಟಾಗುತ್ತದೆ. ಬಿಸಿನೀರು ಮತ್ತು ಕಿಣ್ವಗಳು ಅದರ ಪಿಷ್ಟವನ್ನು ಸಕ್ಕರೆ ಮಾಡುತ್ತವೆ, ಯೀಸ್ಟ್ ಆ ಸಕ್ಕರೆಯನ್ನು ಹುಳಿಸುತ್ತದೆ. ಬಟ್ಟಿ ಇಳಿಸಿ, ಉಳಿದ ನೀರನ್ನೂ ಹೀರಿ ತೆಗೆದರೆ ಸುಮಾರು 2.8 ಗ್ಯಾಲನ್ ಎಥನಾಲ್, ಜೊತೆಗೆ ದನಕರು ಕೋಳಿಗಳಿಗೆ ಮೇವಾಗುವ ಏಳೆಂಟು ಕಿಲೋ ಒಣ ಚರಟ ಸಿಗುತ್ತದೆ. ಯಾರೂ ಕುಡಿಯದಂತೆ ಅದಕ್ಕೆ ಸ್ವಲ್ಪ ಪೆಟ್ರೋಲ್ ಸೇರಿಸುತ್ತಾರೆ. ನೀರನ್ನು ಸೆಳೆದುಕೊಳ್ಳುವ ಗುಣ ಇರುವುದರಿಂದ ಪೆಟ್ರೋಲ್ ಹೋಗುವ ಪೈಪ್‌ಲೈನಿನಲ್ಲಿ ಅದನ್ನು ಕಳಿಸುವುದು ಕಷ್ಟ. ಹೆಚ್ಚಿನ ಪಾಲು ರೈಲಿನ ಟ್ಯಾಂಕರುಗಳಲ್ಲಿ ಡಿಪೋ ತಲುಪಿ ಅಲ್ಲಿ ಬೆರೆಯುತ್ತದೆ. ತಯಾರಾದ ಪ್ರತಿ ಗ್ಯಾಲನ್ನಿಗೂ ಹುಟ್ಟಿದ ಕೂಡಲೇ ‘ರಿನ್’ ಎಂಬ 38 ಅಂಕಿಗಳ ಗುರುತು ಅಂಟಿಕೊಳ್ಳುತ್ತದೆ. ಇಂಧನ ಪೆಟ್ರೋಲಿಗೆ ಬೆರೆತಾಗ ಈ ಸಂಖ್ಯೆ ಬಿಡಿಯಾಗುತ್ತದೆ, ಅದನ್ನು ಮಾರಬಹುದು, ಕೊಳ್ಳಬಹುದು. ವರ್ಷದ ಕೊನೆಗೆ ಪ್ರತಿ ತೈಲ ಸಂಸ್ಕರಣಾ ಕಂಪನಿಯೂ ತನ್ನ ಪಾಲಿನಷ್ಟು ಸಂಖ್ಯೆಗಳನ್ನು ಸರ್ಕಾರಕ್ಕೆ ಒಪ್ಪಿಸಬೇಕು. ಬೆರೆಸಲಾಗದವರು ಇನ್ನೊಬ್ಬರಿಂದ ಕೊಳ್ಳಬೇಕು. ಇಡೀ ವ್ಯವಸ್ಥೆಯಲ್ಲಿ ಖಜಾನೆಯಿಂದ ಒಂದು ಸೆಂಟೂ ಹೊರಗೆ ಹೋಗುವುದಿಲ್ಲ. ಖರ್ಚು ಬಂಕಿನ ಬೆಲೆಯೊಳಗೆ ಕರಗಿ ಗಿರಾಕಿಯ ಜೇಬಿನಿಂದ ಹೋಗುತ್ತದೆ. ರಸೀದಿಯಲ್ಲಿ ಅದಕ್ಕೆ ಪ್ರತ್ಯೇಕ ಸಾಲು ಇಲ್ಲ.

ಕಾಣದ ಖರ್ಚಿಗೆ ಕಾವಲುಗಾರರೂ ಇರುವುದಿಲ್ಲ. 2012ಕ್ಕೆ ಕಾನೂನು ಕೇಳಿದ ಸೆಲ್ಯುಲೋಸ್ ಇಂಧನ 50 ಕೋಟಿ ಗ್ಯಾಲನ್. ಪರಿಸರ ಸಂಸ್ಥೆ ಅದನ್ನು 86.5 ಲಕ್ಷಕ್ಕೆ ಇಳಿಸಿತು. ಆ ವರ್ಷ ಲೆಕ್ಕಕ್ಕೆ ಸಿಕ್ಕಿದ್ದು ಸುಮಾರು 20 ಸಾವಿರ ಗ್ಯಾಲನ್. ಮಾರುಕಟ್ಟೆಯಲ್ಲಿ ಇಲ್ಲದ ಇಂಧನವನ್ನು ಬೆರೆಸದಿದ್ದುದಕ್ಕೆ ಕಂಪನಿಗಳು ಹಣ ಕಟ್ಟಿ ವಿನಾಯಿತಿ ಚೀಟಿ ಪಡೆಯುವ ವಿಚಿತ್ರ ಸ್ಥಿತಿ ಬಂತು. ಇಂಧನವನ್ನು ಉತ್ತೇಜಿಸುವ ಆಸೆಯಿಂದ ಅಂದಾಜನ್ನು ಉಬ್ಬಿಸಬಾರದು ಎಂದು 2013ರ ಜನವರಿಯಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಆ ಗುರಿಯನ್ನು ರದ್ದು ಮಾಡಿತು. ಜಾರ್ಜಿಯಾದ ಸೋಪರ್ಟನ್, ಮಿಸಿಸಿಪ್ಪಿಯ ಕೊಲಂಬಸ್, ಕನ್ಸಾಸ್‌ನ ಹ್ಯೂಗೋಟನ್ ಹೀಗೆ ಭರವಸೆಯ ಸೆಲ್ಯುಲೋಸ್ ಘಟಕಗಳು ಒಂದೊಂದಾಗಿ ಮುಚ್ಚಿದವು ಇಲ್ಲವೇ ದಿವಾಳಿಯಾದವು. ಜೋಳದ ಎಥನಾಲ್‌ಗೂ ಇಕ್ಕಟ್ಟು ಬಂತು. ಪೆಟ್ರೋಲ್ ಬಳಕೆ ಬೆಳೆಯದೆ ಹೋದಾಗ ಶೇ. 10ರ ಮಿಶ್ರಣ 1,400 ಕೋಟಿ ಗ್ಯಾಲನ್ನಿನ ಆಸುಪಾಸಿನಲ್ಲೇ ತುಂಬಿಹೋಯಿತು, ಕಾನೂನು ಮಾತ್ರ ಇನ್ನೂ ಹಾಕಿ ಎನ್ನುತ್ತಿತ್ತು. 2013ರಲ್ಲಿ, ಅಲ್ಲಿಯವರೆಗೆ ಕೆಲವೇ ಸೆಂಟಿಗೆ ಸಿಗುತ್ತಿದ್ದ ರಿನ್‌ನ ಬೆಲೆ ಒಂದು ಡಾಲರ್ ದಾಟಿತು. ಕಾರ್ಖಾನೆಯೇ ನಡೆಸದೆ ಸುಳ್ಳು ರಿನ್ ಸೃಷ್ಟಿಸಿ ಮಾರಿದ ಪ್ರಕರಣಗಳೂ ನ್ಯಾಯಾಲಯಕ್ಕೆ ಬಂದವು. ತೆರಿಗೆ ರಿಯಾಯಿತಿಯಲ್ಲಿ ಇಷ್ಟು ಗೊಂದಲವಾಗಿದ್ದರೆ ಲೆಕ್ಕಪರಿಶೋಧನೆಯ ಒಂದು ವರದಿಗೇ ಸಂಸತ್ತು ಅಲ್ಲಾಡುತ್ತಿತ್ತು.

ಕಡ್ಡಾಯದಲ್ಲೂ ತುರ್ತು ಬಾಗಿಲು ಇದೆಯಲ್ಲ ಎಂದು ಇದರ ಪರ ಇರುವವರು ಹೇಳುತ್ತಾರೆ. ಬಾಗಿಲು ಇರುವುದು ನಿಜ. ತೀವ್ರ ಹಾನಿಯಾದರೆ ಪ್ರಮಾಣವನ್ನು ಸಡಿಲಿಸುವ ಅಧಿಕಾರ ಪರಿಸರ ಸಂಸ್ಥೆಗಿದೆ. ಜಗತ್ತಿನಲ್ಲಿ ಆಹಾರದ ಬೆಲೆ ಏರಿದ 2008ರಲ್ಲಿ ಟೆಕ್ಸಾಸ್‌ನ ರಾಜ್ಯಪಾಲರು ಆ ಬಾಗಿಲು ತಟ್ಟಿದರು, ತೆರೆಯಲಿಲ್ಲ. 2012ರಲ್ಲಿ ದಶಕಗಳಲ್ಲೇ ಭೀಕರವಾದ ಬರ ಮಧ್ಯಪಶ್ಚಿಮದ ಜೋಳವನ್ನು ಹೊಲದಲ್ಲೇ ಒಣಗಿಸಿತು. ಕೋಳಿ, ಹಂದಿ ಸಾಕಣೆ ಹೆಚ್ಚಿರುವ ರಾಜ್ಯಗಳ ರಾಜ್ಯಪಾಲರು ಮತ್ತೆ ತಟ್ಟಿದರು, ಆಗಲೂ ತೆರೆಯಲಿಲ್ಲ. ಹಾನಿಗೆ ಕಡ್ಡಾಯವೇ ಕಾರಣವೆಂದು ಅರ್ಜಿದಾರರೇ ಸಾಬೀತು ಮಾಡಬೇಕಾದ್ದರಿಂದ ಅಂಥ ಬಾಗಿಲು ತೆರೆಯುವುದು ಅಪರೂಪ. ಆ ದೇಶದ ಮೆಕ್ಕೆಜೋಳದಲ್ಲಿ ಸುಮಾರು ಶೇ. 40 ಎಥನಾಲ್ ಕಾರ್ಖಾನೆಗೆ ಹೋಗುತ್ತದೆ. ಅದರಲ್ಲಿ ಮೂರನೆಯ ಒಂದು ಭಾಗ ಮೇವಾಗಿ ಹಿಂದಿರುಗುತ್ತದೆ ಎಂಬ ಸಮರ್ಥನೆಯನ್ನು ಒಪ್ಪಲೇಬೇಕು. 2007–08ರ ಬೆಲೆ ಏರಿಕೆಗೆ ದುಬಾರಿ ತೈಲ, ಕೆಲವು ದೇಶಗಳ ರಫ್ತು ನಿಷೇಧಗಳೂ ಕಾರಣವಾಗಿದ್ದವು. ಆದರೂ ಬರದ ವರ್ಷದಲ್ಲಿ ಕಡ್ಡಾಯದ ಪಾಲು ಮೊದಲೇ ಮೀಸಲಾದರೆ ಕೊರತೆಯ ಭಾರವೆಲ್ಲ ಉಳಿದವರ ಮೇಲೆ, ಅಂದರೆ ದನ ಸಾಕುವವರು ಮತ್ತು ಧಾನ್ಯ ಕೊಳ್ಳುವ ಬಡ ದೇಶಗಳ ಮೇಲೆ ಬೀಳುತ್ತದೆ. ಅಂಥ ವರ್ಷದಲ್ಲಿ ಹಿಂದೆ ಸರಿಯಲಾರದ ನಿಯಮ ಒಳ್ಳೆಯ ನಿಯಮವಲ್ಲ.

ಹವಾಮಾನದ ವಾದ ಇನ್ನೂ ಗಂಭೀರವಾದದ್ದು. ಹೊಸ ಕಾರ್ಖಾನೆಗಳ ಎಥನಾಲ್ ಪೆಟ್ರೋಲಿಗಿಂತ ಕನಿಷ್ಠ ಶೇ. 20 ಕಡಿಮೆ ಇಂಗಾಲ ಬಿಡಬೇಕೆಂದು 2007ರ ಕಾಯ್ದೆ ಹೇಳಿತು, ಅದೇ ಕಾಯ್ದೆ ಆಗಲೇ ಇದ್ದ ಕಾರ್ಖಾನೆಗಳನ್ನು ಈ ಷರತ್ತಿನಿಂದ ಹೊರಗಿಟ್ಟಿತು. ಅರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಲೆಕ್ಕದಲ್ಲಿ ಜೋಳದ ಎಥನಾಲ್ ಪೆಟ್ರೋಲಿಗಿಂತ ಶೇ. 40ಕ್ಕೂ ಹೆಚ್ಚು ಶುದ್ಧ. ಹುಲ್ಲುಗಾವಲು ಉತ್ತು ಜೋಳ ಬಿತ್ತಿದ್ದರಿಂದ ಮಣ್ಣಿನಿಂದ ಹೊರಬಿದ್ದ ಇಂಗಾಲವನ್ನೂ ಸೇರಿಸಿದರೆ ಅದು ಪೆಟ್ರೋಲಿಗಿಂತ ಉತ್ತಮವಲ್ಲ, ಬಹುಶಃ ಶೇ. 24ರಷ್ಟಾದರೂ ಕೆಟ್ಟದ್ದು ಎಂದು 2022ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದ ಅಧ್ಯಯನ ಹೇಳಿತು. ಈ ಜಗಳದಲ್ಲಿ ಯಾರು ಸರಿ ಎಂದು ತೀರ್ಮಾನಿಸದೆಯೂ ಒಂದು ಮಾತು ಹೇಳಬಹುದು. ವಿಜ್ಞಾನಿಗಳ ನಡುವೆ ಇಷ್ಟು ಅಂತರ ಇರುವಾಗ ಗ್ಯಾಲನ್ ಎಣಿಸಿ ಬಹುಮಾನ ಕೊಡುವ ಕಾನೂನು ಗುರಿ ತಪ್ಪುತ್ತದೆ. ಬೇಕಾದದ್ದು ಇಂಗಾಲದ ಇಳಿಕೆಯಾದರೆ ಇಂಗಾಲವನ್ನೇ ಅಳೆಯಬೇಕು. ಕ್ಯಾಲಿಫೋರ್ನಿಯಾ 2011ರಿಂದ ಜಾರಿಗೆ ತಂದ ಇಂಧನ ಮಾನದಂಡ ಹಾಗೆ ಅಳೆಯಲು ಯತ್ನಿಸಿದೆ. ಅದರಲ್ಲೂ ಲೋಪಗಳಿರಬಹುದು, ಆದರೆ ಪ್ರಶ್ನೆಯನ್ನು ಸರಿಯಾಗಿ ಕೇಳಿದೆ.

ರೈತರ ಗತಿಯೇನು ಎಂಬುದು ಎಲ್ಲಕ್ಕಿಂತ ಬಲವಾದ ಆಕ್ಷೇಪ. ಕಡ್ಡಾಯ ತೆಗೆದರೆ ಅಯೋವಾ, ನೆಬ್ರಾಸ್ಕದ ಊರುಗಳು ಮಕಾಡೆ ಬೀಳುತ್ತವೆ ಎನ್ನುತ್ತಾರೆ. ಹಾಗೆ ಹೇಳುವವರೇ, ಎಥನಾಲ್ ಅಗ್ಗವಾಗಿ ಆಕ್ಟೇನ್ (ಎಂಜಿನ್ನಿನ ಬಡಿತ ತಡೆಯುವ ಗುಣ) ಏರಿಸುವ ವಸ್ತು, ಸೀಸಕ್ಕೂ ಎಂಟಿಬಿಇಗೂ ಒಳ್ಳೆಯ ಬದಲಿ ಎಂದೂ ಹೇಳುತ್ತಾರೆ. ಎರಡನೆಯ ಮಾತು ಬಹುಮಟ್ಟಿಗೆ ನಿಜ. ಅಮೆರಿಕದ ಸಂಸ್ಕರಣಾಗಾರಗಳು ಇಂದು ಕಡಿಮೆ ಆಕ್ಟೇನ್‌ನ ಪೆಟ್ರೋಲ್ ತಯಾರಿಸಿ, ಎಥನಾಲ್ ಸೇರಿದಾಗ ಅದು ಸರಿಹೋಗುವಂತೆ ಲೆಕ್ಕ ಹಾಕಿಕೊಂಡಿವೆ. ಹಾಗಾದರೆ ಕಡ್ಡಾಯ ಹೋದರೂ ಶೇ. 10ರ ಮಿಶ್ರಣ ಉಳಿಯುತ್ತದೆ, ರೈತ ಹೆದರಬೇಕಿಲ್ಲ. ಎಥನಾಲ್‌ಗೆ ಸ್ವಂತ ಕಾಲೇ ಇಲ್ಲವೆಂದಾದರೆ ಗಿರಾಕಿ ವರ್ಷವರ್ಷವೂ ದೊಡ್ಡ ಮೊತ್ತ ತೆರುತ್ತಿದ್ದಾನೆ ಎಂದಾಯಿತು, ಅದನ್ನು ಅವನಿಗೆ ಹೇಳಿಯೇ ವಸೂಲು ಮಾಡಬೇಕು. ಎರಡರಲ್ಲಿ ಯಾವುದು ನಿಜವಾದರೂ ಈಗಿನ ರೂಪದ ಕಾನೂನಿಗೆ ಸಮರ್ಥನೆ ಸಿಗುವುದಿಲ್ಲ. 2013 ಮತ್ತು 2015ರಲ್ಲಿ ಡಯಾನ್ ಫೈನ್‌ಸ್ಟೈನ್ ಇತರ ಸೆನೆಟರುಗಳ ಜೊತೆ ಪಕ್ಷ ಮೀರಿ ಜೋಳದ ಕಡ್ಡಾಯ ತೆಗೆಯುವ ಮಸೂದೆ ತಂದರು, ಅವು ಮುಂದೆ ಸಾಗಲಿಲ್ಲ. 2011ರಲ್ಲಿ ಏನೂ ಮಾಡದಿದ್ದರೆ ನೆರವು ತಾನಾಗಿ ನಿಲ್ಲುತ್ತಿತ್ತು. ಇಲ್ಲಿ ಏನೂ ಮಾಡದಿದ್ದರೆ ನೆರವು ತಾನಾಗಿ ಮುಂದುವರಿಯುತ್ತದೆ. 2022ರಲ್ಲಿ ಕಾನೂನಿನ ಪಟ್ಟಿಯೇ ಮುಗಿಯಿತು, ಆದರೆ ಕಡ್ಡಾಯ ಮುಗಿಯಲಿಲ್ಲ. ಪ್ರಮಾಣ ನಿಗದಿ ಮಾಡುವ ಕೆಲಸ ಪರಿಸರ ಸಂಸ್ಥೆಯ ಕೈಗೆ ಬಂದು, 2023ರಿಂದ 2025ರವರೆಗೂ ಜೋಳದ ಪಾಲು ಅದೇ 1,500 ಕೋಟಿ ಗ್ಯಾಲನ್ನಿನಲ್ಲಿ ಉಳಿಯಿತು.

ಬ್ರೆಜಿಲ್ 1931ರಿಂದಲೇ ಮಿಶ್ರಣವನ್ನು ಕಡ್ಡಾಯ ಮಾಡಿದ ದೇಶ. ಆದರೆ ಅಲ್ಲಿನ ಸರ್ಕಾರ ಕಬ್ಬಿನ ಇಳುವರಿ ನೋಡಿ ಪ್ರಮಾಣವನ್ನು ಏರಿಸಿ ಇಳಿಸುತ್ತ ಬಂದಿದೆ. 2011ರಲ್ಲಿ ಬೆಳೆ ಕೈಕೊಟ್ಟಾಗ ಶೇ. 25 ಇದ್ದುದನ್ನು 20ಕ್ಕೆ ತಂದಿತು. ಕಡ್ಡಾಯ ಇರಲೇಬೇಕೆಂದಾದರೆ ಅದು ಹೀಗೆ ಬಾಗುವಂತಿರಬೇಕು. ಈ ಪಾಠ ನಮಗೆ ದೂರದ್ದಲ್ಲ. 1948ರ ಭಾರತೀಯ ಪವರ್ ಆಲ್ಕೋಹಾಲ್ ಕಾಯ್ದೆ ಅರ್ಧ ಶತಮಾನ ಪುಸ್ತಕದಲ್ಲಿದ್ದು 2000ದಲ್ಲಿ ರದ್ದಾಯಿತು. 2003ರಲ್ಲಿ ಶೇ. 5ರ ಮಿಶ್ರಣದೊಂದಿಗೆ ಹೊಸ ಅಧ್ಯಾಯ ಶುರುವಾಯಿತು. 2030ಕ್ಕೆಂದು ಇಟ್ಟಿದ್ದ ಶೇ. 20ರ ಗುರಿಯನ್ನು 2025–26ಕ್ಕೆ ಎಳೆದು ತರಲಾಯಿತು. ಆ ಪೆಟ್ರೋಲಿನ ಮಾರಾಟಕ್ಕೆ ಪ್ರಧಾನಿ ಚಾಲನೆ ಕೊಟ್ಟದ್ದು 2023ರ ಫೆಬ್ರವರಿಯಲ್ಲಿ, ಬೆಂಗಳೂರಿನಲ್ಲಿ. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಕ್ಕರೆ ಸಾಲದೆಂಬ ಭಯದಿಂದ ಕಬ್ಬಿನ ಹಾಲನ್ನು ಎಥನಾಲ್‌ಗೆ ಬಳಸದಂತೆ ಆದೇಶ ಬಂತು, ಭಾರ ಮೆಕ್ಕೆಜೋಳದ ಮೇಲೆ ಬಿತ್ತು, ಕೋಳಿ ಸಾಕುವವರು ಮೇವು ದುಬಾರಿಯೆಂದು ಗೋಳಾಡಿದರು. ಇಷ್ಟಾದ ಮೇಲೂ 2025ರ ನವೆಂಬರ್‌ನಲ್ಲಿ ಕರ್ನಾಟಕದ ಮಾರುಕಟ್ಟೆಗಳಲ್ಲಿ ಮೆಕ್ಕೆಜೋಳ 2,400 ರೂಪಾಯಿ ಬೆಂಬಲ ಬೆಲೆಗಿಂತ ಬಹಳ ಕೆಳಗೆ ಇಳಿದು ರೈತರು ಬೀದಿಗಿಳಿದರು. ಕಡ್ಡಾಯ ಕಾರ್ಖಾನೆಗೆ ಗಿರಾಕಿಯನ್ನು ಖಾತ್ರಿಪಡಿಸುತ್ತದೆ, ರೈತನಿಗೆ ಬೆಲೆಯನ್ನಲ್ಲ.

ಎಥನಾಲ್ ಕೆಟ್ಟ ಇಂಧನವಲ್ಲ, ಅದಕ್ಕೆ ಸಿಕ್ಕ ಕಾನೂನು ಕೆಟ್ಟದ್ದು. ತಿದ್ದುವವರು ಮೂರು ಷರತ್ತು ಬರೆದರೆ ಸಾಕು. ಪ್ರಮಾಣ ಬೆಳೆ ಮತ್ತು ಬೆಲೆಯೊಂದಿಗೆ ಏರಿಳಿಯಬೇಕು. ಗಿರಾಕಿ ತೆರುವ ಹೆಚ್ಚುವರಿ ಹಣವೆಷ್ಟು, ರೈತನಿಗೆ ತಲುಪಿದ್ದೆಷ್ಟು ಎಂಬ ಲೆಕ್ಕವನ್ನು ಪ್ರತಿ ವರ್ಷ ಬಜೆಟ್ಟಿನ ಜೊತೆಗೇ ಸದನದ ಮುಂದಿಡಬೇಕು. ಕಾನೂನಿಗೆ ಕೊನೆಯ ದಿನಾಂಕ ಇರಬೇಕು, ಬೇಕಾದವರು ಬಂದು ಮತ್ತೆ ಕೇಳಬೇಕು. ಅಮೆರಿಕ 1978ರಲ್ಲಿ ಕೊಟ್ಟ ನೆರವಿನಲ್ಲಿ ಈ ಕೊನೆಯ ಷರತ್ತು ಇತ್ತು, ಅದಕ್ಕೇ ಆ ನೆರವನ್ನು ನಿಲ್ಲಿಸಲು ಸಾಧ್ಯವಾಯಿತು. 2007ರ ಕಾಯ್ದೆಯಲ್ಲಿ ಅದು ಇಲ್ಲ, ಅದಕ್ಕೇ ಆ ಕಾಯ್ದೆ ಇನ್ನೂ ನಡೆಯುತ್ತಿದೆ.